ಪಂಚಾಂಗ ನೋಡಿ ಕಾಂಡ್ಲಾ ಕಾಡಿಗೆ ಹೋದ ಕಥೆ

"ಮದುವೆಗೆ ಪಂಚಾಂಗ ನೋಡ್ತಾರೆ ಮಾರಾಯ, ಟೂರಿಗೆ ಯಾರು ನೋಡ್ತಾರೆ?" ಅಂತ ಜಗಲಿಯಲ್ಲಿ ಕೂತು ನಮ್ಮ ಭಾವ ನಕ್ಕಿದ್ದರು. ಈ ಜನವರಿಯಲ್ಲಿ ಪಂಚಾಂಗ ನೋಡಿಯೇ 12 ಮಕ್ಕಳು, ನಾಲ್ವರು ದೊಡ್ಡವರನ್ನು ಸಾಗರದಿಂದ ಹೊನ್ನಾವರ, ಕಾರವಾರ ಸುತ್ತಿಸಿಕೊಂಡು ಬಂದೆ. ಈಗ ನಗುವ ಸರದಿ ನನ್ನದು.

ಮೊದಲು ಸೋತ ಲೆಕ್ಕ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಹುಲಿಕಲ್ ಘಾಟಿ ಇಳಿದು ಮಂಗಳೂರಿಗೆ ಹೋದೆವು, ಪಿಲಿಕುಳದ ಮೃಗಾಲಯ ನೋಡಲು. ಹೋದದ್ದು ಸೋಮವಾರ. ವಾರದ ರಜೆ! ತಪ್ಪು ನನ್ನದೇ, ಫೋನ್ ಮಾಡಿ ಕೇಳಿರಲಿಲ್ಲ. ಹದಿನಾಲ್ಕು ಸಾವಿರದ ಹತ್ತಿರ ಖರ್ಚು, ನೋಡಿದ್ದು ಗೇಟು. ಪಿಲಿ ಅಂದರೆ ತುಳುವಿನಲ್ಲಿ ಹುಲಿ ಅಂತ ಮಕ್ಕಳಿಗೆ ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿದ್ದೆ. ವಾಪಸು ಬರುವಾಗ ಒಬ್ಬ ಹುಡುಗ "ಮಾವ, ನಮ್ಮ ಶಿವಮೊಗ್ಗದ ತ್ಯಾವರೆಕೊಪ್ಪ ಸಫಾರಿಯಲ್ಲೇ ಹುಲಿ ಇತ್ತಲ್ವಾ?" ಅಂದ. ಏನು ಹೇಳೋದು? ಮರುವರ್ಷ ಕರಾವಳಿಯ ಇನ್ನೊಂದು ಊರಲ್ಲಿ ಅಕ್ವೇರಿಯಂಗೇ ಬೀಗ, ಟ್ಯಾಂಕ್ ರಿಪೇರಿಯಂತೆ.

ಅದೇ ಸಲ ಹೊನ್ನಾವರ ಕಾಸರಕೋಡಿನ ಶರಾವತಿ ಕಾಂಡ್ಲಾ ನಡಿಗೆಗೂ ಹೋಗಿದ್ದೆವು. ಕಾಂಡ್ಲಾ ಅಂದರೆ ಮ್ಯಾಂಗ್ರೋವ್, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಡು; ಅದರೊಳಗೆ ಹಲಗೆ ಹಾಸಿದ ದಾರಿ. ಹುಣ್ಣಿಮೆಯ ಮರುದಿನ, ಮಧ್ಯಾಹ್ನ ಹನ್ನೆರಡು. ಹಲಗೆ ದಾರಿಯ ಕೆಳಗೆ ಬರೀ ನೀರು, ಮೇಲೆ ಸೊಪ್ಪು. ಹತ್ತು ನಿಮಿಷದಲ್ಲಿ ಎಲ್ಲರೂ ಹೊರಗೆ ಬಂದು ಐಸ್‌ಕ್ರೀಮ್ ಕೇಳಿದರು. ಅಲ್ಲೇ ಮೀನು ಮಾರುತ್ತಿದ್ದ ಒಬ್ಬ ಅಜ್ಜಿ ಹೇಳಿದ್ದು ನನ್ನ ಕಣ್ಣು ತೆರೆಸಿತು. ಹುಣ್ಣಿಮೆ ಅಮಾವಾಸ್ಯೆಗೆ ನೀರು ಮಧ್ಯಾಹ್ನ ತುಂಬಿರುತ್ತದೆ, ಸಂಜೆ ಬಾ ಅಂತ.

ಅಲ್ಲಿಂದ ಶುರು. ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆಗೆ ಸಂಜೆ ಐದರ ಮೇಲೆ ಇಳಿತ ಅಂದರೆ ಅದಕ್ಕೆ ಎರಡು ದಿನ ಮುಂಚೆ ಮೂರೂವರೆ, ನಾಲ್ಕಕ್ಕೆ ಸಿಗಬೇಕು. ಗೋಡೆಯ ಪಂಚಾಂಗದಲ್ಲಿ ತ್ರಯೋದಶಿಗೆ ಪೆನ್ಸಿಲ್ ಗುರುತು ಹಾಕಿದೆ. ಆಮೇಲೆ ಮೊಬೈಲ್‌ನ ಟೈಡ್ ಟೇಬಲ್ (ಉಬ್ಬರ ಇಳಿತದ ವೇಳಾಪಟ್ಟಿ) ಜೊತೆ ತಾಳೆ ನೋಡಿದೆ, ಅರ್ಧ ಗಂಟೆ ಹೆಚ್ಚುಕಮ್ಮಿ ಅಷ್ಟೇ. ಶಾಲೆಗೆ ಒಂದು ದಿನ ರಜೆ ಕೇಳಬೇಕಾಯಿತು. ಮೇಷ್ಟ್ರಿಗೂ ನಂಬಿಕೆ ಇರಲಿಲ್ಲ.

ಗೇರುಸೊಪ್ಪ ಘಾಟಿ ಇಳಿದು ಮೂರೂವರೆಗೆ ಅಲ್ಲಿದ್ದೆವು. ನೀರು ಹಿಂದೆ ಸರಿದಿತ್ತು. ಪೆನ್ಸಿಲ್ ನೆಟ್ಟ ಹಾಗೆ ಉಸಿರಾಟದ ಬೇರುಗಳು, ಕೆಸರಲ್ಲಿ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಮೀನು, ಒಂದೇ ಕೊಂಡಿ ದೊಡ್ಡದಾದ ಸಣ್ಣ ಏಡಿಗಳು ಅದನ್ನು ಆಡಿಸುತ್ತಾ ಹೆಣ್ಣನ್ನು ಕರೆಯುವುದು. ಎರಡು ಗಂಟೆ ಯಾರೂ ಫೋನ್ ಕೇಳಲಿಲ್ಲ. ಅಂಬುತೀರ್ಥದಲ್ಲಿ ಹುಟ್ಟಿ, ಲಿಂಗನಮಕ್ಕಿಯಲ್ಲಿ ನಮ್ಮ ಅಜ್ಜನ ಗದ್ದೆ ಮುಳುಗಿಸಿ, ಜೋಗದಲ್ಲಿ ಬಿದ್ದ ಹೊಳೆ ಇದೇ ಅಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದರು. ಏಡಿ ಹೊರಗೆ ಬರಲು ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು ಅನ್ನುವುದು ನಾನು ಎರಡು ಟ್ರಿಪ್ ಕಳೆದುಕೊಂಡು ಕಲಿತದ್ದು. ಅದನ್ನು ಇಲ್ಲಿ ಬರೆಯಲ್ಲ.

ಮರುದಿನ ಕಾರವಾರ. ಟ್ಯಾಗೋರ್ ಕಡಲತೀರದ ಅಕ್ವೇರಿಯಂಗೆ ಈ ಸಲ ಮೊದಲೇ ಫೋನ್ ಮಾಡಿ, ಬಾಗಿಲು ತೆರೆಯುವ ಹೊತ್ತಿಗೇ ಹೋದೆವು. ಅಕ್ವೇರಿಯಂ ಆಮೇಲೆ, ಕೆಸರು ಮೊದಲು. ಇದೇ ನನ್ನ ಕ್ರಮ. ಮೊದಲು ಗಾಜಿನೊಳಗಿನ ಮೀನು ತೋರಿಸಿದರೆ ಬಣ್ಣ ನೋಡಿ ಓಡುತ್ತಾರೆ. ಕೆಸರು ನೋಡಿ ಬಂದವರು ಒಂದೊಂದು ಟ್ಯಾಂಕಿನ ಮುಂದೆ ನಿಂತು ಇದು ಹೇಗೆ ಉಸಿರಾಡುತ್ತೆ, ಏನು ತಿನ್ನುತ್ತೆ ಅಂತ ಕೇಳುತ್ತಾರೆ. ಫೋಟೋಗೆ ಫ್ಲಾಶ್ ಬೇಡ, ಲೆನ್ಸ್ ಗಾಜಿಗೆ ತಾಗಿಸಿ ಹಿಡಿಯಿರಿ. ಪಕ್ಕದಲ್ಲಿ ಮ್ಯೂಸಿಯಂ ಮಾಡಿಟ್ಟ ಐಎನ್‌ಎಸ್ ಚಪಲ್ ಯುದ್ಧನೌಕೆ ಹುಡುಗರಿಗೆ, ನನಗಲ್ಲ.

ಖರ್ಚು? ಗುರುತಿನವರ ಟೆಂಪೋ ಟ್ರಾವೆಲರ್‌ಗೆ ಎರಡು ದಿನಕ್ಕೆ ಹನ್ನೊಂದು ಸಾವಿರ ಚಿಲ್ಲರೆ, ಊಟ ತಿಂಡಿ ನಾಲ್ಕು ಸಾವಿರ, ಟಿಕೆಟ್ಟು ಅದು ಇದು ಸೇರಿ ತಲೆಗೆ ಸಾವಿರದ ಆಸುಪಾಸು. ರಾತ್ರಿ ತಂಗಿದ್ದು ನೆಂಟರ ಮನೆಯಲ್ಲಿ, ಲಾಡ್ಜ್ ಆಗಿದ್ದರೆ ಜಾಸ್ತಿಯಾಗುತ್ತಿತ್ತು.

ಒಂದು ಅಡ್ಡ ಪ್ರಯೋಗವೂ ಆಯಿತು. ಹೊಳೆ ದಡಕ್ಕೆ ತೇಲಿ ಬಂದಿದ್ದ ಏಳು ಕಾಂಡ್ಲಾ ಕೋಡು (ಮರದಲ್ಲೇ ಮೊಳೆತ ಉದ್ದನೆ ಬೀಜ) ತಂದು, ಮನೆ ಹಿಂದೆ ಬಕೆಟ್‌ನಲ್ಲಿ ಸಿಹಿನೀರು, ಗದ್ದೆ ಮಣ್ಣು ಹಾಕಿ ನೆಟ್ಟೆ. ಉಪ್ಪಿಲ್ಲದೆ ಬದುಕಲ್ಲ ಅಂತ ಎಲ್ಲರೂ ಹೇಳಿದ್ದರು. ನಾಲ್ಕು ಕೊಳೆತವು, ಒಂದನ್ನು ಕರು ತಿಂದಿತು. ಉಳಿದ ಎರಡು ಎಲೆ ಬಿಟ್ಟಿವೆ, ಸೊಳ್ಳೆ ಕಾಟಕ್ಕೆ ಮನೆಯವಳ ಬೈಗುಳವೂ ಸಿಗುತ್ತಿದೆ. ಭಾವ ಮೊನ್ನೆ ಬಂದವರು ಬಕೆಟ್ ಬಗ್ಗಿ ನೋಡಿದರು. ಮುಂದಿನ ತ್ರಯೋದಶಿ ಯಾವಾಗ ಅಂತ ಕೇಳಿದರು. ಪಂಚಾಂಗ ಗೋಡೆಯಲ್ಲೇ ಇದೆ, ನೋಡಿಕೊಳ್ಳಿ ಅಂದೆ.