ತುರಿಕೆ ಎದ್ದರೆ ಬದನೆಕಾಯಿಯನ್ನು ಬೈಯಬೇಡಿ

ಮೈ ಕೆರೆದ ಕೂಡಲೇ ಬದನೆಕಾಯಿ ನಂಜು, ಕುಂಬಳಕಾಯಿ ನಂಜು ಅಂತ ಸಾರಿನ ಪಾತ್ರೆ ಕಡೆ ಬೊಟ್ಟು ಮಾಡುತ್ತೀರಲ್ಲ, ಮೊದಲು ತುರಿಕೆ ಎದ್ದ ಜಾಗ ನೋಡಿ ಕಣ್ರಮ್ಮ. ಹೊಕ್ಕುಳ ಕೆಳಗೆ ರೂಪಾಯಿ ಅಗಲ ಕಪ್ಪಾಗಿದ್ದರೆ ಪ್ಯಾಂಟಿನ ಗುಂಡಿ. ಅದರಲ್ಲಿರುವ ನಿಕಲ್ ಎಂಬ ಲೋಹ ಬೆವರಿಗೆ ಬಿಡುತ್ತದೆ. ಒಳಗಡೆ ದಪ್ಪ ಬಟ್ಟೆ ತುಂಡು ಹೊಲಿದುಬಿಡಿ. ಜಾತ್ರೆಯ ಓಲೆ, ರವಿಕೆಯ ಪಿನ್ನು ಎಲ್ಲದರಲ್ಲೂ ಅದೇ ಕಥೆ. ಹಣೆ ನಡುವೆ ಬಿಳಿ ಮಚ್ಚೆಯಾದರೆ ಸ್ಟಿಕ್ಕರ್ ಬಿಂದಿಯ ಅಂಟು. ಎಡಗೈ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳ ತುದಿ ಮಾತ್ರ ಒಡೆದಿದ್ದರೆ ಬೆಳ್ಳುಳ್ಳಿ. ಕೈಗವಸು ಹಾಕಿದರೂ ಅದರ ರಸ ಒಳಗಿಳಿಯುತ್ತದೆ, ಸುಲಿಯುವ ಕೆಲಸ ಬೇರೆಯವರಿಗೆ ಕೊಡಿ.

ಈ ತುರಿಕೆ ಮುಟ್ಟಿದ ಗಳಿಗೆಗೇ ಏಳುವುದಲ್ಲ. ಒಂದೆರಡು ದಿನ ಬಿಟ್ಟು ಏಳುತ್ತದೆ, ಅದಕ್ಕೇ ನಿಮಗೆ ನಿನ್ನೆಯ ಊಟ ನೆನಪಾಗುವುದು. ಹತ್ತು ವರ್ಷದಿಂದ ಇದೇ ತಲೆಬಣ್ಣ ಹಚ್ಚುತ್ತಿದ್ದೇನೆ ಅನ್ನುವ ವಾದವೂ ಬೇಡ. ಹನ್ನೊಂದನೇ ವರ್ಷ ಮುಖ ಊದಿಕೊಂಡವರಿದ್ದಾರೆ.

ಹಿಂದೆ ಮಲೆನಾಡಿನಲ್ಲಿ ಕಾಡುಗೇರಿನ ಸೊನೆ ತಗುಲಿದರೆ ಬೊಬ್ಬೆ ಏಳುತ್ತದೆಂದು ಮಕ್ಕಳನ್ನು ಆ ಮರದ ಹತ್ತಿರ ಬಿಡುತ್ತಿರಲಿಲ್ಲ. ಈಗ ಅರಸೀಕೆರೆ, ಕಡೂರಿನ ಬಯಲಲ್ಲಿ ಕಾಂಗ್ರೆಸ್ ಗಿಡ ಸೊಂಟದೆತ್ತರ ನಿಂತಿದ್ದರೂ ಯಾರಿಗೂ ಭಯವಿಲ್ಲ, ಬರಿಗೈಯಲ್ಲಿ ಕೀಳುತ್ತಾರೆ! 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಕಳೆ ಅದು. ಗಿಡದ ಸಣ್ಣ ರೋಮದಲ್ಲೂ ಹೂವಿನ ಪುಡಿಯಲ್ಲೂ ಪಾರ್ಥೆನಿನ್ ಎಂಬ ವಿಷ ಇರುತ್ತದೆ. ಗಾಳಿಯಲ್ಲಿ ಬಂದು ಕಣ್ಣುರೆಪ್ಪೆ, ಕತ್ತು, ಮೊಣಕೈ ಮಡಿಕೆಗೆ ಕೂರುತ್ತದೆ.

ಕೀಳುವುದಾದರೆ ಹೀಗೇ ಕೀಳಿ. ಹೂ ಬಿಡುವ ಮುಂಚೆ, ಮಳೆ ಬಂದ ಮಾರನೆಯ ದಿನ. ಮಣ್ಣು ಹದವಾಗಿದ್ದರೆ ಬೇರು ಸಮೇತ ಬರುತ್ತದೆ, ತುಂಡಾದರೆ ಬುಡದಿಂದ ಮತ್ತೆ ಚಿಗುರುತ್ತದೆ. ತುಂಬುತೋಳಿನ ಅಂಗಿ, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ. ಕೈಗೆ ದಪ್ಪ ಪ್ಲಾಸ್ಟಿಕ್ ಕವರು ತೊಟ್ಟು, ಮಣಿಕಟ್ಟಿನಲ್ಲಿ ತೋಳಿನ ಮೇಲೆಯೇ ದಾರ ಸುತ್ತಿ. ತೋಳಿನೊಳಗೆ ಪುಡಿ ಇಳಿಯಬಾರದು. ಗಾಳಿ ಬೆನ್ನಿಗೆ ಬೀಸುವಂತೆ ನಿಲ್ಲಿ. ಬುಡ ಹಿಡಿದು ನೆಟ್ಟಗೆ ಎಳೆಯಿರಿ, ಮಣ್ಣು ಕೊಡವುವಾಗ ಗಿಡ ಮುಖದಿಂದ ದೂರವಿರಲಿ. ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಸುಡಲೇಬೇಡಿ. ಮುಗಿದ ಮೇಲೆ ಕವರನ್ನು ಒಳಹೊರಗು ಮಾಡಿ ಕಳಚಿ. ಬಟ್ಟೆ ಬೇರೆ ಬಕೆಟ್ಟಿಗೆ, ನೀವು ನೇರ ಬಚ್ಚಲಿಗೆ. ತಲೆ ಬಗ್ಗಿಸಿ ಕೂದಲು ತೊಳೆಯಿರಿ, ಆ ನೀರು ಮುಖದ ಮೇಲೆ ಇಳಿಯಬಾರದು. ಒಮ್ಮೆ ಕಜ್ಜಿ ಎದ್ದವರು ಮಾತ್ರ ಈ ಕೆಲಸಕ್ಕೆ ಹೋಗಲೇಬಾರದು.

ಅಂದಹಾಗೆ, ಒಗೆದ ಬಟ್ಟೆಯನ್ನು ಬೇಲಿ ಮೇಲೆ ಹರವುವ ಚಾಳಿ ಬಿಡಿ, ಅಲ್ಲಿನ ಗಿಡದ ಪುಡಿ ಬಟ್ಟೆಗೆ ಅಂಟುತ್ತದೆ. ತಂತಿ ಕಟ್ಟಿಸಿಕೊಳ್ಳಿ.

ಇಷ್ಟಾದರೂ ಕಾರಣ ಹೊಳೆಯದಿದ್ದರೆ ಮೆಡಿಕಲ್ ಶಾಪಿನ ಟ್ಯೂಬು ತಿಕ್ಕುತ್ತಾ ಕೂರಬೇಡಿ. ಚರ್ಮದ ಡಾಕ್ಟರು ಅನುಮಾನದ ವಸ್ತುಗಳನ್ನು ಚೂರು ಚೂರು ಹಾಕಿದ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ, ಆಮೇಲೆ ಇನ್ನೊಂದೆರಡು ದಿನಕ್ಕೆ ಮತ್ತೆ ಕರೆಯುತ್ತಾರೆ. ಆ ಎರಡನೇ ಸಲ ತಪ್ಪಿಸಿಕೊಳ್ಳಬೇಡಿ, ಅಲ್ಲಿಯವರೆಗೆ ಬೆನ್ನಿಗೆ ನೀರು ತಾಗಿಸಬೇಡಿ. ಹೋಗುವಾಗ ಕುಂಕುಮದ ಡಬ್ಬಿ, ತಲೆಬಣ್ಣದ ಪ್ಯಾಕೆಟ್ಟು, ಓಲೆ ಎಲ್ಲ ಚೀಲಕ್ಕೆ ಹಾಕಿಕೊಳ್ಳಿ.