ಸಭೆಯ ಹಿರಿಯರಲ್ಲಿ ಕ್ರೈಸ್ತ ನಡತೆಯನ್ನು ಬೆಳೆಸುವ ಬಗೆ

ಕ್ರೈಸ್ತ ಸಭೆಗೆ (ಚರ್ಚಿಗೆ) ಹೊಸ ಹಿರಿಯರನ್ನು, ಅಂದರೆ ಅದನ್ನು ನಡೆಸುವ ಹೊಣೆ ಹೊರುವವರನ್ನು ಆರಿಸುವಾಗ, ಚೆನ್ನಾಗಿ ಪ್ರಸಂಗ ಮಾಡುವವರ ಮತ್ತು ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿಸಿಕೊಂಡು ಬರಬಲ್ಲವರ ಹೆಸರುಗಳೇ ಮೊದಲು ಕೇಳಿಬರುತ್ತವೆ. ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯವನ್ನು ಓದಿದರೆ, ಬೋಧಿಸುವ ಸಾಮರ್ಥ್ಯವೊಂದನ್ನು ಬಿಟ್ಟು ಅಲ್ಲಿ ಹೇಳಿರುವುದೆಲ್ಲ ಬಹುಮಟ್ಟಿಗೆ ನಡತೆಯ ಮಾತೇ: ಹಣದಾಸೆ ಇಲ್ಲದಿರುವುದು, ಜಗಳವಾಡದಿರುವುದು, ಅತಿಥಿಸತ್ಕಾರ, ಮನೆಯವರನ್ನು ಚೆನ್ನಾಗಿ ನಡೆಸುವುದು. ನಡತೆ ಎರಡು ದಿನದ ಶಿಬಿರದಲ್ಲಿ ಬರುವಂಥದ್ದಲ್ಲವಾದ್ದರಿಂದ, ಆಯ್ಕೆಗೆ ಬಹಳ ಮೊದಲೇ ಈ ಕೆಲಸ ಆರಂಭವಾಗಬೇಕು.

ಅದೇ ಅಧ್ಯಾಯದ 10ನೆಯ ವಚನವು ಸಭಾಸೇವಕರನ್ನು ಮೊದಲು ಪರೀಕ್ಷಿಸಬೇಕೆನ್ನುತ್ತದೆ. ಹೆಸರು ಬಾರದ ಕೆಲಸಗಳನ್ನು ಕೊಟ್ಟು ನೋಡುವುದೇ ಒಳ್ಳೆಯ ಪರೀಕ್ಷೆ: ಹಾಸಿಗೆ ಹಿಡಿದವರ ಮನೆಗೆ ತಪ್ಪದೆ ಹೋಗಿಬರುವುದು, ಸಂಡೆ ಸ್ಕೂಲಿನ ಚಿಕ್ಕ ಮಕ್ಕಳ ತರಗತಿಯನ್ನು ವರ್ಷಪೂರ್ತಿ ನಡೆಸುವುದು. ಹೊರಗಿನವರಿಂದ ಒಳ್ಳೆಯ ಸಾಕ್ಷಿ ಇರಬೇಕೆಂಬ 7ನೆಯ ವಚನವನ್ನೂ ಮರೆಯಬಾರದು. ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಇದನ್ನು ತಿಳಿಯುವುದು ಕಷ್ಟವಲ್ಲ. ಆ ವ್ಯಕ್ತಿ ಕೂಲಿಯವರಿಗೆ ಹೇಳಿದ ದಿನ ಹಣ ಕೊಡುತ್ತಾನೋ ಇಲ್ಲವೋ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಹಣದ ವಿಷಯದಲ್ಲಿ. ಸುಗ್ಗಿ ಹಬ್ಬದ ಹರಾಜನ್ನೇ ನೋಡಿ. ಆರಾಧನೆ ಮುಗಿದ ಮೇಲೆ ಬೆಲ್ಲದ ಅಚ್ಚು, ತೆಂಗಿನಕಾಯಿ, ಕಬ್ಬಿನ ಜಲ್ಲೆ, ಕಾಲು ಕಟ್ಟಿದ ಕೋಳಿ ಒಂದೊಂದಾಗಿ ಕೂಗಿಗೆ ಬರುತ್ತವೆ. ಎಲ್ಲರೆದುರು ದೊಡ್ಡ ಮೊತ್ತ ಕೂಗಿ, "ಬರೆದುಕೊಳ್ಳಿ, ಮುಂದಿನ ವಾರ ಕೊಡುತ್ತೇನೆ" ಎಂದ ಹಿರಿಯರ ಬಾಕಿ ಮುಂದಿನ ಸುಗ್ಗಿಯವರೆಗೂ ಪುಸ್ತಕದಲ್ಲೇ ಉಳಿದರೆ, ಅವರ ಮಾತಿಗೆ ಯುವಕರು ಬೆಲೆ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಆದುದರಿಂದ ಹಿರಿಯರ ಬಾಕಿ ಮೊದಲು ತೀರಬೇಕು. ಕಾಣಿಕೆಯನ್ನು ಒಂದೇ ಮನೆಯವರಲ್ಲದ ಇಬ್ಬರು ಅಲ್ಲೇ ಎಣಿಸಿ ಸಹಿ ಹಾಕಬೇಕು. ಇದು ಅನುಮಾನದ ಮಾತಲ್ಲ. ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯಲು ಅಪೊಸ್ತಲನಾದ ಪೌಲನೇ ಬೇರೆಯವರನ್ನು ಜೊತೆಗಿರಿಸಿ, ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ನ್ಯಾಯವಾಗಿರುವುದಕ್ಕೆ ಗಮನ ಕೊಟ್ಟನು (2 ಕೊರಿಂಥ 8:20-21).

ಮೈಸೂರು ಸೀಮೆಯ ಅನೇಕ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಒಂದಾಗುವ ಮೊದಲು ವೆಸ್ಲಿಯನ್ ಮಿಷನ್ನಿನ ಆಶ್ರಯದಲ್ಲಿ ಬೆಳೆದವು. ಆ ಮಿಷನ್ನಿಗೆ ಮೂಲವಾದ ಮೆಥಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ 1742ರಲ್ಲಿ ಬ್ರಿಸ್ಟಲ್‌ನಲ್ಲಿ ಆರಂಭಿಸಿದ, ಸುಮಾರು ಹನ್ನೆರಡು ಜನರ ವಾರದ ಕೂಟಗಳ ಪದ್ಧತಿ ಇಂದಿಗೂ ಉಪಯುಕ್ತ. ವಿಚಿತ್ರವೆಂದರೆ, ಆ ಕೂಟಗಳು ಹುಟ್ಟಿದ್ದೇ ಪ್ರಾರ್ಥನಾಮಂದಿರದ ಸಾಲ ತೀರಿಸಲು ಹಣ ಕೂಡಿಸುವುದಕ್ಕಾಗಿ. ಆ ಪದ್ಧತಿಯನ್ನು ಅನುಸರಿಸಿ ಹಿರಿಯರು ಮೂರು ನಾಲ್ಕು ಜನರಂತೆ ಸೇರಿ, ಪ್ರಾರ್ಥನೆ ಹೇಗೆ ನಡೆಯುತ್ತಿದೆ, ಯಾರ ಮೇಲಾದರೂ ಸಿಟ್ಟು ಉಳಿದಿದೆಯೇ ಎಂದು ಪರಸ್ಪರ ಕೇಳಿಕೊಳ್ಳಲಿ. ಅಯ್ಯನವರೂ (ಸಭಾಪಾಲಕರೂ) ಉತ್ತರ ಕೊಡುವವರಲ್ಲಿ ಒಬ್ಬರಾಗಿರಬೇಕು, ಕೇಳುವವರಾಗಿ ಮಾತ್ರ ಕೂರಬಾರದು.

ತಪ್ಪು ಕಂಡಾಗ ಮತ್ತಾಯ 18:15ರಂತೆ ಮೊದಲು ಒಬ್ಬರೇ ಹೋಗಿ ಮಾತಾಡಬೇಕು; ವಾಟ್ಸ್ಆ್ಯಪ್ ಗುಂಪು ಅದಕ್ಕೆ ಜಾಗವಲ್ಲ. 1 ತಿಮೊಥೆಯ 5:19ರಂತೆ ಹಿರಿಯರ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳಿರಬೇಕು. ಆದರೆ ಹಣದ ದುರುಪಯೋಗವಾಗಲಿ, ಮಕ್ಕಳಿಗೆ ಇಲ್ಲವೆ ಹೆಂಗಸರಿಗೆ ಅನ್ಯಾಯವಾಗಲಿ ನಡೆದಿರುವಾಗ, ಈ ವಚನಗಳನ್ನು ಮುಂದಿಟ್ಟು ಮುಚ್ಚಿಹಾಕುವುದು ಸಲ್ಲದು. ಕಾನೂನಿಗೆ ಸೇರಿದ್ದನ್ನು ಪೊಲೀಸರಿಗೆ ತಿಳಿಸಿ, ವಿಚಾರಣೆ ಮುಗಿಯುವ ತನಕ ಆ ಹಿರಿಯರನ್ನು ಹೊಣೆಯಿಂದ ದೂರವಿರಿಸಬೇಕು.