ಊರಿನ ಬಿಸಿ ಅಳೆಯೋಣ: ಅಗ್ಗದ ಸೆನ್ಸರ್ ಕಟ್ಟುವುದು ಹೀಗೆ

ಮಾರ್ಚ್ ಬಂತೆಂದರೆ ಕುಶಾಲನಗರದ ಬಸ್ ಸ್ಟ್ಯಾಂಡ್ ಸುತ್ತ ಸೆಖೆಯೋ ಸೆಖೆ. ಮರ ನೆಟ್ಟರೆ ತಂಪಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಡಿಗ್ರಿ? ಮರ ನೆಟ್ಟ ಬೀದಿ, ನೆಡದ ಬೀದಿ ಎರಡರಲ್ಲೂ ಒಂದೊಂದು ಸೆನ್ಸರ್ ಇಟ್ಟು ಅದನ್ನು ನಾವೇ ಅಳೆಯಬಹುದು.

ಒಂದೊಂದಕ್ಕೂ ಇಎಸ್‌ಪಿ32 ಬೋರ್ಡ್ (ಪ್ರೋಗ್ರಾಂ ಓಡಿಸುವ ಪುಟ್ಟ ಕಂಪ್ಯೂಟರ್), ಬಿಸಿ ಅಳೆಯುವ ಎಸ್‌ಎಚ್‌ಟಿ31 ಸೆನ್ಸರ್, ಅಂಕಿ ಉಳಿಸಿಡಲು ಮೆಮೊರಿ ಕಾರ್ಡ್ ಮಾಡ್ಯೂಲ್, ಹೊತ್ತು ಗುರುತಿಡಲು ಡಿಎಸ್3231 ಗಡಿಯಾರ, ಬ್ಯಾಟರಿ ತನ್ನಿ. ಡಿಎಚ್‌ಟಿ11 ಎಂಬ ಸೆನ್ಸರ್ ಇನ್ನೂ ಅಗ್ಗ. ಆದರೆ ಅದರ ಲೆಕ್ಕ 2 ಡಿಗ್ರಿವರೆಗೆ ತಪ್ಪಬಹುದು. ಎರಡು ಬೀದಿಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಕಡಿಮೆ ಇರಬಹುದು, ಅಲ್ವಾ? ಹಾಗಾಗಿ ಅದು ಬೇಡ.

ಸೆನ್ಸರ್‌ಗೆ ನಾಲ್ಕೇ ವೈರು: 3.3 ವೋಲ್ಟ್, ಗ್ರೌಂಡ್, ಅಂಕಿ ಸಾಗಿಸುವ ಎಸ್‌ಡಿಎ ಬೋರ್ಡಿನ 21ನೇ ಪಿನ್ನಿಗೆ, ತಾಳ ಕೊಡುವ ಎಸ್‌ಸಿಎಲ್ 22ನೇ ಪಿನ್ನಿಗೆ. ಬೋರ್ಡ್ 10 ನಿಮಿಷಕ್ಕೊಮ್ಮೆ ನಿದ್ದೆಯಿಂದೆದ್ದು ಅಂಕಿ ಬರೆದುಕೊಂಡು ಮತ್ತೆ ಮಲಗುವಂತೆ ಪ್ರೋಗ್ರಾಂ ಹಾಕಿ, ಬ್ಯಾಟರಿ ಉಳಿಯುತ್ತದೆ. ಬೋರ್ಡ್ ತಾನೇ ಬಿಸಿಯಾಗುವುದರಿಂದ ಸೆನ್ಸರ್ ಅದಕ್ಕೆ ಅಂಟಿಕೊಂಡಿರಬಾರದು.

ಹೆಚ್ಚಿನವರು ಎಡವುವುದು ಮುಂದಿನ ಕೆಲಸದಲ್ಲಿ. ಸೆನ್ಸರ್ ಮೇಲೆ ಬಿಸಿಲು ಬಿದ್ದರೆ ಅದು ಅಳೆಯುವುದು ಬಿಸಿಲನ್ನು, ಗಾಳಿಯನ್ನಲ್ಲ. ಹೂಕುಂಡದ ಅಡಿಗೆ ಇಡುವ ಬಿಳಿ ಪ್ಲಾಸ್ಟಿಕ್ ತಟ್ಟೆ ಏಳೆಂಟು ತೆಗೆದುಕೊಳ್ಳಿ. ಮೇಲಿನದೊಂದನ್ನು ಬಿಟ್ಟು ಉಳಿದವುಗಳ ನಡುವೆ ದೊಡ್ಡ ತೂತು ಕೊರೆಯಿರಿ. ಎಲ್ಲವನ್ನೂ ಬೋರಲು ಹಾಕಿ, ಮೂರು ಉದ್ದ ಬೋಲ್ಟ್‌ಗಳಿಗೆ ಪೋಣಿಸಿ, ನಡುನಡುವೆ ಬೆರಳಗಲ ಸಂದು ಬಿಡಿ. ಸೆನ್ಸರ್ ಒಳಗೆ ತೂಗಲಿ. ಗಾಳಿ ಆಡುತ್ತದೆ, ಬಿಸಿಲು, ಮಳೆ ತಾಗುವುದಿಲ್ಲ. ಜೇಡ, ಕಣಜ ಗೂಡು ಕಟ್ಟುತ್ತವೆ. ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ.

ಬೀದಿಯಲ್ಲಿ ಕಟ್ಟುವ ಮೊದಲು ಎಲ್ಲ ಸೆನ್ಸರ್‌ಗಳನ್ನೂ ಎರಡು ಮೂರು ದಿನ ಒಂದೇ ಕಡೆ ಅಕ್ಕಪಕ್ಕ ಇಡಿ. ಒಂದು ಇನ್ನೊಂದಕ್ಕಿಂತ ಅರ್ಧ ಡಿಗ್ರಿ ಜಾಸ್ತಿ ತೋರಿಸಿದರೆ, ಆಮೇಲೆ ಅಷ್ಟು ಕಳೆದರಾಯಿತು.

ಎಲ್ಲಿ ಕಟ್ಟಬೇಕು? ನೆಲದಿಂದ ಒಂದೂವರೆ ಮೀಟರ್ ಮೇಲೆ, ಗೋಡೆಯಿಂದ ದೂರ. ಮಡಿಕೇರಿಯೊಂದಿಗೆ ಹೋಲಿಸಬೇಡಿ. ಅದು ಕುಶಾಲನಗರಕ್ಕಿಂತ ಸುಮಾರು 300 ಮೀಟರ್ ಹೆಚ್ಚು ಎತ್ತರದಲ್ಲಿದೆ, ಎತ್ತರವೊಂದರಿಂದಲೇ 2 ಡಿಗ್ರಿಯಷ್ಟು ತಂಪು. ನಿಸರ್ಗಧಾಮದ ಬಿದಿರುಮೆಳೆಯೂ ಸರಿಹೋಗದು, ಸುತ್ತ ಕಾವೇರಿ ಹರಿಯುತ್ತಾಳೆ. ಒಂದೇ ಅಗಲದ ಎರಡು ಬೀದಿ ಆರಿಸಿ: ಒಂದರಲ್ಲಿ ಸಸಿ ನೆಡಿ, ಇನ್ನೊಂದನ್ನು ಇದ್ದಂತೆಯೇ ಬಿಡಿ. ನೆಡುವ ಮೊದಲೇ ಒಂದು ಬೇಸಿಗೆಯ ಲೆಕ್ಕ ಕೈಯಲ್ಲಿರಲಿ.

ಮಧ್ಯಾಹ್ನದ ಜೊತೆ ರಾತ್ರಿ ಎಂಟು, ಹತ್ತು ಗಂಟೆಯ ಅಂಕಿಯನ್ನೂ ತಪ್ಪದೆ ನೋಡಿ. ಹಗಲು ಹೀರಿದ ಬಿಸಿಯನ್ನು ಕಾಂಕ್ರೀಟು, ಡಾಂಬರು ಬಿಡುವುದು ಆಗಲೇ. ಜೂನ್‌ನಲ್ಲಿ ಮೋಡ ಮುಸುಕಿದರೆ ಎರಡು ಬೀದಿಗಳ ವ್ಯತ್ಯಾಸ ತಗ್ಗುತ್ತದೆ, ಅದಕ್ಕೆ ಮಾರ್ಚ್, ಏಪ್ರಿಲ್ ಅನ್ನು ಮಾರ್ಚ್, ಏಪ್ರಿಲ್‌ನೊಂದಿಗೇ ಹೋಲಿಸಿ. ಹೊಂಗೆ ಸಸಿ ರಸ್ತೆಗೆ ನೆರಳು ಕೊಡಲು ಕೆಲವು ವರ್ಷ ಬೇಕು. ಅಲ್ಲಿಯವರೆಗೆ ಸೆನ್ಸರ್‌ನ ಜಾಗ ಬದಲಿಸಬೇಡಿ.